ಒಂದು ಸೈಜು ದೊಡ್ಡ ಜಾಕೆಟ್

ಹೋದ ವಾರ ಔರಾದಿನಿಂದ ರೇಣುಕಾ ಫೋನು ಮಾಡಿದಳು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಈಗ ಅಲ್ಲಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾಳೆ, ಅಂದರೆ ನಾನು ನಿವೃತ್ತಿಯವರೆಗೆ ಮಾಡಿದ ಕೆಲಸವನ್ನೇ. ಮನೆಯವರ ಸುದ್ದಿ, ಮೊಣಕಾಲಿನ ಸುದ್ದಿ ಎಲ್ಲ ಮುಗಿದ ಮೇಲೆ ಕೇಳಿದಳು.

"ಮೇಡಂ, ಕಲ್ಲು ಹತ್ಲಿಕ್ಕೂ ಆಗಬೇಕು, ಗುಡ್ಡದಾಗ ನಡೀಲಿಕ್ಕೂ ಆಗಬೇಕು, ಹಗೂರ ಇರಬೇಕು. ಅಂಥಾದ್ದು ಒಂದೇ ಒಂದು ಜಾಕೆಟ್ ಅಂದ್ರ ಹ್ಯಾಂಗಿರಬೇಕ್ರಿ? ನೀವು ಹೇಳ್ರಿ."

ವಿಚಾರ ಮಾಡಿ ಹೇಳುತ್ತೇನೆ ಅಂದೆ. ಫೋನು ಇಟ್ಟ ಮೇಲೆ ನನ್ನ ತಲೆ ಕೆಟ್ಟಿತು. ಈ ಹುಡುಗಿ ಹಿಮಾಲಯದಲ್ಲಿ ತರಬೇತಿ ಮುಗಿಸಿ ಬಂದವಳು, ಹಗ್ಗ, ಹಿಮ, ಬಂಡೆ ಎಲ್ಲದರಲ್ಲೂ ಕೈ ಪಳಗಿದವಳು. ನನಗಿಂತ ಅವಳಿಗೇ ಹೆಚ್ಚು ಗೊತ್ತು. ನನ್ನನ್ನು ಯಾಕೆ ಕೇಳಿದಳು? ಇನ್ನೊಂದು ಕಡೆಯಿಂದ ನೋಡಿದರೆ, ವರ್ಷ ವರ್ಷವೂ ಹುಡುಗಿಯರಿಗೆ ಜಾಕೆಟ್ ಆರಿಸಿಕೊಟ್ಟವಳು ನಾನೇ. ನನ್ನನ್ನು ಕೇಳದೆ ಇನ್ಯಾರನ್ನು ಕೇಳಬೇಕು? ಆದರೆ ಉತ್ತರ ಅಂತ ಹುಡುಕಲು ಹೋದರೆ ಒಳಗೆ ಏನೂ ಸಿಗಲಿಲ್ಲ. ಒಂದು ವರ್ಷ ಸರಿ ಅನಿಸಿದ್ದು ಮರುವರ್ಷ ತಪ್ಪಾಗಿತ್ತು, ತಪ್ಪು ಅಂತ ಬಯ್ದದ್ದು ಸಂಜೆಯೊಳಗೆ ಸರಿಯಾಗಿತ್ತು. ಬರೆಯುತ್ತ ಹೋದರೆ ನನಗೂ ತಿಳಿಯಬಹುದು, ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೂ ಒಂದಿಷ್ಟು ತಿಳಿಯಬಹುದು ಅಂತ ಬೀದರಿನ ಚಿದ್ರಿಯಲ್ಲಿ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ದೈಹಿಕ ಶಿಕ್ಷಣದ ಟೀಚರ್ ಅಂದರೆ ಸೀಟಿ ಊದುವುದು, ಖೋ ಖೋ ಆಡಿಸುವುದು ಅಂತ ನೀವು ತಿಳಿದು ಬರುತ್ತೀರಿ. ಅದು ಕಾಲು ಭಾಗ. ಕಾಲೇಜಿನಲ್ಲಿ ಯಾವ ಕೆಲಸಕ್ಕೆ ವಾರಸುದಾರರಿಲ್ಲವೋ ಅದೆಲ್ಲ ನಿಮ್ಮದು. ಸಮಾರಂಭದಲ್ಲಿ ಗದ್ದಲವಾದರೆ ಎಲ್ಲರೂ ನಿಮ್ಮ ಕಡೆ ನೋಡುತ್ತಾರೆ. ನಳಕ್ಕೆ ನೀರು ಬರದಿದ್ದರೂ ನಿಮ್ಮ ಕಡೆಯೇ ನೋಡುತ್ತಾರೆ. ನನಗೆ ಪರ್ವತ ಗಂಟುಬಿದ್ದದ್ದೂ ಹೀಗೆಯೇ.

ಆಗ ನಾನು ಭಾಲ್ಕಿಯಲ್ಲಿದ್ದೆ. ನಮ್ಮ ಪ್ರಿನ್ಸಿಪಾಲರು ಶಿಸ್ತಿನ ಮನುಷ್ಯ, ಮೇ ತಿಂಗಳಲ್ಲೂ ಟೈ ಕಟ್ಟುತ್ತಿದ್ದರು. ಹುಡುಗಿಯರನ್ನು ಹಿಮಾಚಲದ ಪರ್ವತಾರೋಹಣ ಶಿಬಿರಕ್ಕೆ ಕಳಿಸಬೇಕು, ಜೊತೆಗೆ ಒಬ್ಬ ಶಿಕ್ಷಕಿ ಬೇಕು ಅಂತ ಮೇಲಿನಿಂದ ಸೂಚನೆ ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಅತ್ತೆಯ ಆಪರೇಷನ್. ಕೊನೆಗೆ ಪ್ರಿನ್ಸಿಪಾಲರು ನನ್ನ ಕಾಲಿನ ಕಡೆ ನೋಡಿ, ಮೇಡಂ, ನಿಮ್ಮವೇ ಗಟ್ಟಿ ಅವ ಅಂದರು. ಅಲ್ಲಿಗೆ ಆಯ್ಕೆ ಮುಗಿಯಿತು.

ಈಗ ಜಾಕೆಟ್ಟಿನ ಪ್ರಶ್ನೆ. ಬೀದರ್ ಕಡೆಯವರಿಗೆ ಒಂದು ಅಹಂಕಾರವಿದೆ. ರಾಜ್ಯದಲ್ಲಿ ಥಂಡಿ ಅಂದರೆ ನಮ್ಮದೇ, ಉಳಿದವರಿಗೆಲ್ಲ ಅದರ ರುಚಿ ಗೊತ್ತಿಲ್ಲ ಅಂತ. ಚಳಿಗಾಲದ ಮುಂಜಾನೆ ಟೈರು, ಕಸ ಸುಟ್ಟು ಕೈ ಕಾಯಿಸುವ ಜನ ನಾವು. "ಬೀದರದವರಿಗೆ ಥಂಡಿ ಯಾರರೆ ಹೇಳಿಕೊಡಬೇಕೇನ್ರಿ?" ಅಂತ ಪ್ರಿನ್ಸಿಪಾಲರು ಕೇಳಿದರು. ನನಗೂ ಸರಿ ಅನಿಸಿತು. ಥಂಡಿಗೆ ದಪ್ಪನೆಯದು ಬೇಕು, ದೊಡ್ಡ ಥಂಡಿಗೆ ಇನ್ನೂ ದಪ್ಪನೆಯದು ಬೇಕು. ಇದರಲ್ಲಿ ತಿಳಿಯದ್ದೇನಿದೆ? ಮೋಟಾರ್ ಸೈಕಲ್ಲಿನವರು ಹಾಕುವ ರೆಕ್ಸಿನ್ ಜಾಕೆಟ್, ಕೊರಳಿಗೆ ಕರಡಿಯ ಹಾಗೆ ಕೂದಲು, ಅಂಥವನ್ನು ತೆಗೆದುಕೊಂಡೆವು. ಹುಡುಗಿಯರು ಹಾಕಿಕೊಂಡು ನಿಂತರೆ ಪೊಲೀಸ್ ಠಾಣೆಯ ಎದುರು ಪುಂಡರು ಸಾಲಾಗಿ ನಿಂತ ಹಾಗಿತ್ತು.

ಶಿಬಿರದಲ್ಲಿ ಮೊದಲ ದಿನವೇ ಬಣ್ಣ ಬಯಲಾಯಿತು. ಏರು ದಾರಿ ನಡೆಯಲು ಶುರುಮಾಡಿ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಬೆವರು. ರೆಕ್ಸಿನ್ನು ಹೊರಗಿನ ಗಾಳಿಯನ್ನು ಒಳಗೆ ಬಿಡಲಿಲ್ಲ, ಒಳಗಿನ ಬೆವರನ್ನು ಹೊರಗೂ ಬಿಡಲಿಲ್ಲ. ದಣಿವಾರಿಸಿಕೊಳ್ಳಲು ನಿಂತ ಕೂಡಲೇ ಆ ಬೆವರೇ ತಣ್ಣಗಾಗಿ ಹಸಿ ಟವೆಲ್ಲು ಸುತ್ತಿದ ಹಾಗೆ ಮೈಗೆ ಅಂಟಿತು. ಹಲ್ಲು ಕಟಕಟ. ಅಲ್ಲಿಯ ತರಬೇತುದಾರರೊಬ್ಬರಿದ್ದರು, ಗುಡ್ಡದ ಮನುಷ್ಯ, ಎಲ್ಲರೂ ಉಸ್ತಾದರು ಅಂತಲೇ ಕರೆಯುತ್ತಿದ್ದರು. ನಮ್ಮನ್ನು ನೋಡಿ ನಗಲಿಲ್ಲ, ಆದರೆ ನಗು ತಡೆದದ್ದು ಕಾಣುತ್ತಿತ್ತು. ಥಂಡಿ ಹೊರಗಿನಿಂದ ಬಂದದ್ದಲ್ಲ, ನಿಮ್ಮ ಬೆವರಿನಿಂದ ಬಂದದ್ದು ಅಂತ ಹಿಂದಿಯಲ್ಲಿ ತಿಳಿಸಿ ಹೇಳಿದರು. ಒಳಗೆ ಬೆವರು ಹೀರುವ ತೆಳ್ಳನೆಯದು, ನಡುವೆ ಉಣ್ಣೆ, ಮೇಲೆ ಗಾಳಿ ಮಳೆ ತಡೆಯುವ ಹಗುರಾದ ಜಾಕೆಟ್. ಬೇಕಾದರೆ ಹಾಕಬೇಕು, ಬೇಡವಾದರೆ ಬಿಚ್ಚಿ ಮಡಚಿ ಚೀಲಕ್ಕೆ ತುರುಕಬೇಕು. ತಮ್ಮದನ್ನು ಬಿಚ್ಚಿ ಕೈಗೆ ಕೊಟ್ಟರು. ಉಳ್ಳಾಗಡ್ಡಿಯ ಮೇಲಿನ ಸಿಪ್ಪೆಯಷ್ಟು ತೆಳ್ಳಗಿತ್ತು. ಇದರಿಂದ ಥಂಡಿ ಹೇಗೆ ನಿಲ್ಲುತ್ತದೆ ಅಂತ ನನಗೆ ಅವತ್ತೂ ತಿಳಿಯಲಿಲ್ಲ. ನಿಲ್ಲುತ್ತಿತ್ತು, ಅಷ್ಟು ನೋಡಿದೆ.

ಮರುವರ್ಷ ಹಟ ಹಿಡಿದು ಹಗುರಾದ ಜಾಕೆಟ್‌ಗಳನ್ನೇ ತರಿಸಿದೆ. ಇಂಥ ಕಾಗದದಂಥಾದ್ದಕ್ಕೆ ಇಷ್ಟು ರೊಕ್ಕ ಯಾಕೆ ಅಂತ ಪ್ರಿನ್ಸಿಪಾಲರು ಗೊಣಗಿದರೂ ಸಹಿ ಮಾಡಿದರು. ನಾನು ಗೆದ್ದೆ ಅಂದುಕೊಂಡೆ. ಹೊರಡುವ ಮೊದಲು ಅವರು ಎಲ್ಲ ಜಾಕೆಟ್‌ಗಳನ್ನು ತಮ್ಮ ಕೋಣೆಗೆ ತರಿಸಿಕೊಂಡರು. ವಾಪಸು ಬಂದಾಗ ಪ್ರತಿಯೊಂದರ ಬೆನ್ನ ಮೇಲೂ ಕೆಂಪು ದಾರದಲ್ಲಿ ಕಾಲೇಜಿನ ಹೆಸರು, ಊರಿನ ಹೆಸರು, ಕೆಳಗೆ ಒಂದು ದೀಪದ ಚಿತ್ರ. ಮಷಿನ್ ಕಸೂತಿ, ಬಲು ಅಚ್ಚುಕಟ್ಟು. ಹಿಮಾಲಯದಾಗ ಭಾಲ್ಕಿ ಹೆಸರು ಕಾಣಬೇಕು ಅಂದರು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಅಲ್ಲಿ ಮಳೆ ಹಿಡಿಯಿತು. ತೋಳು ಒಣಗಿತ್ತು, ಎದೆ ಒಣಗಿತ್ತು, ಬೆನ್ನು ಮಾತ್ರ ತೊಯ್ದು ತೊಪ್ಪೆ. ಎಲ್ಲ ಹುಡುಗಿಯರದೂ ಅದೇ ಕಥೆ. ಡೇರೆಯೊಳಗೆ ಬಂದು ಜಾಕೆಟ್ ಬಿಚ್ಚಿದಾಗ ನೋಡುತ್ತೇನೆ, ಒಬ್ಬೊಬ್ಬಳ ಸ್ವೆಟರಿನ ಬೆನ್ನಲ್ಲೂ ಕಾಲೇಜಿನ ಹೆಸರಿನ ಆಕಾರದಲ್ಲೇ ಒದ್ದೆ. ಸೂಜಿ ಹೋದ ಒಂದೊಂದು ತೂತಿನಿಂದಲೂ ನೀರು ಇಳಿದಿತ್ತು. ದೀಪದ ಚಿತ್ರ ಕೂಡ ಬಿದ್ದಿತ್ತು. ಬೈಯಬೇಕೋ ನಗಬೇಕೋ ತಿಳಿಯದೆ ಸುಮ್ಮನೆ ಸ್ವೆಟರ್ ಹಿಂಡಿದೆ. ಊರಿಗೆ ಬಂದು ಪ್ರಿನ್ಸಿಪಾಲರಿಗೆ ಹೇಳಿದರೆ ಅವರು ಟೈ ಸರಿಮಾಡಿಕೊಂಡರು. ಆಮೇಲೆ, ಹೆಸರರೆ ಕಾಣ್ತಿತ್ತಾ ಅಂತ ಕೇಳಿದರು.

ಮುಂದೆ ಬೀದರಿಗೆ ವರ್ಗವಾಯಿತು. ಶಿಬಿರದ ಕೆಲಸ ನನ್ನ ಬೆನ್ನು ಬಿಡಲಿಲ್ಲ. ಇಲ್ಲಿ ಊರ ಹೊರಗಿನ ಹಳೆಯ ಕೆಂಪು ಕಲ್ಲಿನ ಖಣಿಯಲ್ಲಿ ಹುಡುಗಿಯರಿಗೆ ಹತ್ತುವ ಅಭ್ಯಾಸ ಮಾಡಿಸುತ್ತಿದ್ದೆ. ಜಾಕೆಟ್ ಖರೀದಿಯಲ್ಲೂ ನನ್ನದೇ ಪದ್ಧತಿ ಮಾಡಿಕೊಂಡೆ. ಬಟ್ಟೆಗೆ ಬಾಯಿ ಹಚ್ಚಿ ಊದಬೇಕು, ಉಸಿರು ಆಚೆ ದಾಟಿದರೆ ಬೇಡ. ಮೇಲೆ ನೀರು ಚಿಮುಕಿಸಬೇಕು, ಹನಿ ಉರುಳಿ ಹೋಗಬೇಕು. ತಲೆಯ ಟೊಪ್ಪಿಗೆ ಹೆಲ್ಮೆಟ್ಟಿನ ಮೇಲೆ ಕೂಡಬೇಕು. ಜೇಬು ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಹಗ್ಗ ಕಟ್ಟಿದ ಮೇಲೆ ಕೈ ಹೋಗುವುದಿಲ್ಲ. ಕೊನೆಗೆ ಎಲ್ಲಕ್ಕೂ ದೊಡ್ಡ ಪರೀಕ್ಷೆ: ಜಾಕೆಟ್ ಹಾಕಿಕೊಂಡು ಎರಡೂ ಕೈ ಪೂರ್ತಿ ಮೇಲೆತ್ತಿ ನಿಲ್ಲಬೇಕು. ಅಂಚು ಮೇಲೇರಿ ಹೊಟ್ಟೆ ಕಂಡರೆ ಕಲ್ಲು ಹತ್ತಲು ಅದು ಬಾರದು.

ಪೇಟೆಯಲ್ಲಿ ರಹೀಮ್ ಭಾಯಿಯ ಅಂಗಡಿ ನಮ್ಮ ಖಾಯಂ. ಸಣ್ಣ ಅಂಗಡಿಯಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನಾನು ಕೈ ಮೇಲೆ ಅಂತ ಗದರಿಸಿದರೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಒಮ್ಮೆ ಹೊಸ ಮಾಲಿನ ಚೀಟಿ ಓದಿ, ಇದು ಉಸಿರಾಡುವ ಬಟ್ಟೆಯಂತೆ, ಬೆವರನ್ನು ಹೊರಗೆ ಬಿಡುತ್ತದಂತೆ, ನೀರನ್ನು ಒಳಗೆ ಬಿಡುವುದಿಲ್ಲವಂತೆ ಅಂದೆ. ರಹೀಮ್ ಭಾಯಿ ಜಾಕೆಟ್ಟಿಗೆ ಕಿವಿ ಹಚ್ಚಿದರು. "ಮೇಡಂ, ನಾ ಇಷ್ಟು ವರ್ಷ ಕಪಡಾ ಮಾರ್ಲತ್ತೀನಿ. ಒಂದಿನಾನೂ ಉಸಿರಿನ ಸಪ್ಪಳ ಕೇಳಿಲ್ರಿ." ನನಗೂ ಆ ಮಾತು ಪೂರ್ತಿ ನಂಬಿಕೆಯಾಗಿರಲಿಲ್ಲ, ಆದರೆ ಹುಡುಗಿಯರ ಮುಂದೆ ತೋರಿಸಿಕೊಳ್ಳಲಿಲ್ಲ.

ರೇಣುಕಾ ಬಂದದ್ದು ಆ ದಿನಗಳಲ್ಲಿ. ಔರಾದ್ ತಾಲೂಕಿನ ಎಕಂಬಾ ಊರಿನವಳು, ಬೀದರಿನ ಮೈಲೂರಿನ ಹಾಸ್ಟೆಲಿನಲ್ಲಿದ್ದಳು. ಖಣಿಯ ಗೋಡೆಯನ್ನು ತನ್ನ ಮನೆಯ ಮಾಳಿಗೆಯ ನಿಚ್ಚಣಿಕೆ ಹತ್ತಿದ ಹಾಗೆ ಹತ್ತುತ್ತಿದ್ದಳು. ಮಾತು ಕಡಿಮೆ. ಇವಳು ಮುಂದೆ ಹೋಗುತ್ತಾಳೆ ಅಂತ ನನಗೆ ನೋಡಿದ ಕೂಡಲೇ ಅನಿಸಿತ್ತು. ತೊಂದರೆ ಇದ್ದದ್ದು ಅವಳ ತಂದೆ ವೀರಶೆಟ್ಟಿಯವರದು. ಕೆಟ್ಟ ಮನುಷ್ಯನಲ್ಲ, ಹೊಲ ಮನೆ ಚೆನ್ನಾಗಿಯೇ ಇಟ್ಟುಕೊಂಡವರು. ಮಗಳನ್ನು ಅಷ್ಟು ದೂರ ಕಳಿಸಲು ಮನಸ್ಸಿರಲಿಲ್ಲ. ನಾನು ಎಕಂಬಾಕ್ಕೆ ಹೋಗಿ, ಚಹಾ ಕುಡಿದು, ಜ್ವಾರಿ ರೊಟ್ಟಿ ತಿಂದು, ಇನ್ನೊಮ್ಮೆ ಚಹಾ ಕುಡಿದ ಮೇಲೆ ಹೂಂ ಅಂದರು. ಆದರೆ ಒಂದು ಮಾತು ಹೇಳಿದರು.

"ನಿಮ್ಮ ಮಾತಿಗೆ ಒಮ್ಮಿ ಕಳಿಸ್ತೇನ್ರಿ. ಹೋದಾಕಿ ಪೂರಾ ಮುಗಿಸಿ ಬರ್ಬೇಕು. ನಡುವ ಆಗಂಗಿಲ್ಲಂತ ಹೊಳ್ಳಿ ಬಂದ್ಳಂದ್ರ, ಮುಂದ ಈ ಮಾತು ನಮ್ಮ ಮನ್ಯಾಗ ತೆಗೀಬ್ಯಾಡ್ರಿ."

ಜಾಕೆಟ್ ಕೊಳ್ಳಲು ಅವರೂ ಬೀದರಿಗೆ ಬಂದರು. ಅವರಿಗೆ ಬೇಕಾದದ್ದು ಎಲ್ಲಕ್ಕೂ ಆಗುವ ಒಂದೇ ಜಾಕೆಟ್. ಗುಡ್ಡಕ್ಕಾಗಬೇಕು, ಆಮೇಲೆ ಕಾಲೇಜಿಗಾಗಬೇಕು, ಮಳೆಗಾಲದಲ್ಲಿ ಹೊಲಕ್ಕೆ ಹೋದರೆ ಹೆಂಡತಿಗಾಗಬೇಕು, ಗಾಡಿ ಹೊಡೆಯುವಾಗ ತಮಗೂ ಆದರೆ ಚಲೋ. ಆ ವರ್ಷ ನಾವು ನೋಡಿದ್ದು ಒಳಗೆ ತೆಳ್ಳಗೆ ನಾರು ತುಂಬಿದ, ಮಡಚಿದರೆ ಮುಷ್ಟಿಯಷ್ಟಾಗುವ ಹಗುರಾದ ಮಾದರಿ. ರೇಣುಕಾ ಹಾಕಿಕೊಂಡು ಕೈ ಎತ್ತಿದಳು. ಹೊಲಿಸಿದ ಹಾಗೆ ಕೂತಿತ್ತು. ವೀರಶೆಟ್ಟಿಯವರು ಮಗಳ ಸುತ್ತ ಒಂದು ಸುತ್ತು ಬಂದು, ಒಂದು ಸೈಜು ದೊಡ್ಡದು ಕೊಡಿ ಅಂದರು.

ನಮ್ಮ ಕಡೆ ಇದು ಹೊಸ ಮಾತಲ್ಲ. ಸಾಲಿಯ ಅಂಗಿ, ಚಪ್ಪಲಿ, ಹಬ್ಬದ ಲಂಗ, ಯಾವುದನ್ನೂ ಅಳತೆಗೆ ಸರಿಯಾಗಿ ಕೊಳ್ಳುವವರು ಹುಚ್ಚರು. ನಾನೂ ಮೂರು ಮಡಿಕೆ ಹಾಕಿದ ತೋಳಿನಲ್ಲೇ ಸಾಲಿ ಮುಗಿಸಿದವಳು. ಆದರೆ ಇಲ್ಲಿ ಹಾಗಾಗುವುದಿಲ್ಲ, ಮೈಗೆ ಹತ್ತಿಕೊಂಡಿರಬೇಕು, ಅವಳೇನು ಇನ್ನೂ ಬೆಳೆಯುವುದಿಲ್ಲ ಅಂತ ತಿಳಿಸಿ ಹೇಳಿದೆ.

"ಬೆಳೀತಾಳ ಬಿಡ್ರಿ," ಅಂದರು ವೀರಶೆಟ್ಟಿಯವರು.

ನಾನು ಸೋಲಲಿಲ್ಲ. ಅಳತೆಯದನ್ನೇ ಕಟ್ಟಿಸಿ ಅವರ ಕೈಗೆ ಕೊಟ್ಟೆ. ಅವರು ತಲೆ ಅಲ್ಲಾಡಿಸಿ ತೆಗೆದುಕೊಂಡು ಹೋದರು. ಮರುದಿನ ಬಂದು ರಹೀಮ್ ಭಾಯಿಯ ಹತ್ತಿರ ದೊಡ್ಡದಕ್ಕೆ ಬದಲಾಯಿಸಿಕೊಂಡದ್ದು ನನಗೆ ತಿಳಿದದ್ದು ಹಿಮಾಚಲದಲ್ಲಿ.

ಶಿಬಿರದಲ್ಲಿ ಕೊನೆಯ ಏರಿಕೆಗೆ ಮೊದಲು, ಡೇರೆಗಳ ಅಂಚಿನ ಒಂದು ಕಲ್ಲಿನ ಕಟ್ಟೆಯ ಹತ್ತಿರ, ಸಾಮಾನಿನ ತಪಾಸಣೆ ಇರುತ್ತದೆ. ಬೂಟು, ಚೀಲ, ಜಾಕೆಟ್ ಎಲ್ಲ ನೋಡುತ್ತಾರೆ. ಪಾಸಾದವರು ಮುಂಜಾನೆ ಶಿಖರಕ್ಕೆ, ಆಗದವರು ಅಡುಗೆ ಡೇರೆಗೆ. ಅಲ್ಲಿ ಯಾರ ವಶೀಲಿಯೂ ನಡೆಯುವುದಿಲ್ಲ. ಅಲ್ಲಿಯವರೆಗೆ ಮಡಚಿ ಚೀಲದಲ್ಲೇ ಇಟ್ಟಿದ್ದ ಜಾಕೆಟ್ ಹಾಕಿಕೊಂಡು ರೇಣುಕಾ ಬಂದಳು, ಅದು ನಾನು ಕಟ್ಟಿಸಿ ಕೊಟ್ಟದ್ದಲ್ಲ. ತೋಳು ಬೆರಳು ದಾಟಿತ್ತು, ಅಂಚು ತೊಡೆಗೆ ಬಂದಿತ್ತು. ಉಸ್ತಾದರು ಅವಳ ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟಿಸಿ ನೋಡಿದರು, ಬಟ್ಟೆ ಗಂಟುಗಂಟಾಗಿ ಪಟ್ಟಿ ಬಿಗಿಯಾಗಲೇ ಇಲ್ಲ. ಟೊಪ್ಪಿಗೆ ಎಳೆದರು, ಕಣ್ಣು ಮುಚ್ಚಿಹೋಯಿತು. ಇದರಲ್ಲಿ ನಿನ್ನ ಕಾಲು ನಿನಗೆ ಕಾಣುವುದಿಲ್ಲ, ಕಲ್ಲಿನ ಮೇಲೆ ಬಿಡಲಾರೆ ಅಂದರು.

ರೇಣುಕಾ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಟೊಪ್ಪಿಗೆ ಹಿಂದೆ ಸರಿಸಿ ನನ್ನ ಮುಖ ನೋಡಿದಳು ಅಷ್ಟೆ. ಇಬ್ಬರ ಕಿವಿಯಲ್ಲೂ ಎಕಂಬಾದ ಆ ಮಾತು ಇತ್ತು. ನಾನು ನನ್ನ ಜಾಕೆಟ್ ಬಿಚ್ಚಿ ಅವಳಿಗೆ ಹಾಕಿದೆ. ಆಗ ನಾನೂ ಸಣ್ಣಗಿದ್ದೆ, ಅವಳಿಗೆ ಅದು ಸರಿಯಾಗಿ ಕೂತಿತು. ಉಸ್ತಾದರು ನನ್ನ ಕಡೆ ನೋಡಿ, ಹಾಗಾದರೆ ನೀವು? ಅಂದರು. ನಾನು ಕೆಳಗೆ ಇರುತ್ತೇನೆ, ಯಾರಾದರೂ ಇರಬೇಕಲ್ಲ ಅಂದೆ.

ಮರುದಿನವೆಲ್ಲ ಅಡುಗೆ ಡೇರೆಯ ಬಾಗಿಲಲ್ಲಿ, ವೀರಶೆಟ್ಟಿಯವರು ಕೊಂಡ ಆ ದೊಡ್ಡ ಜಾಕೆಟ್ ಹಾಕಿಕೊಂಡು, ತೋಳು ಮಡಚಿಕೊಂಡು, ಬಟಾಟೆ ಸುಲಿಯುತ್ತ ಕೂತೆ. ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ. ಮಧ್ಯಾಹ್ನದ ಮೇಲೆ ಮೋಡ ಇಳಿಯಿತು, ಹಿಮ ಬೆರೆತ ಮಳೆ ಶುರುವಾಯಿತು. ಬೈಯುವುದು ಬಿಟ್ಟು ದೇವರ ಹೆಸರು ಹೇಳತೊಡಗಿದೆ. ಸಂಜೆ ಹೊತ್ತಿಗೆ ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಹಿಂದೆ ಉಸ್ತಾದರ ಜೊತೆ ರೇಣುಕಾ. ಶಿಖರ ಮುಟ್ಟಿದ್ದಳು. ಆದರೆ ಇಳಿಯುವಾಗ ಬೇರೆಯವರು ಮೊದಲು ಹಗ್ಗ ಹಿಡಿದು ದಾಟಲಿ ಅಂತ ಬಹಳ ಹೊತ್ತು ನಿಂತಿದ್ದಳಂತೆ. ಹತ್ತುವಾಗಿನ ಬೆವರಿನಿಂದ ನನ್ನ ಜಾಕೆಟ್ ಒಳಗೂ ಒದ್ದೆ, ಮಳೆಯಿಂದ ಹೊರಗೂ ಒದ್ದೆ. ತುಟಿ ನೀಲಿಯಾಗಿತ್ತು, ಸೊಂಟದ ಪಟ್ಟಿ ಬಿಚ್ಚಲು ಬೆರಳು ಬಾಗುತ್ತಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ನನ್ನ ಮೈಮೇಲಿದ್ದದ್ದನ್ನು ಕಿತ್ತು, ಅವಳ ಒದ್ದೆ ಜಾಕೆಟ್, ಪಟ್ಟಿ, ಹೆಲ್ಮೆಟ್ಟು ಎಲ್ಲದರ ಮೇಲೆಯೇ ಹಾಕಿಬಿಟ್ಟೆ. ಜಿಪ್ಪು ಎಲ್ಲಿಯೂ ಹಿಡಿಯದೆ ಗಲ್ಲದವರೆಗೆ ಏರಿತು. ಟೊಪ್ಪಿಗೆ ಹೆಲ್ಮೆಟ್ಟಿನ ಮೇಲೆ ಕೂತಿತು. ಬಿಸಿನೀರು ಕುಡಿಸಿ ತಬ್ಬಿಕೊಂಡು ಕೂತೆ. ನಿಧಾನವಾಗಿ ನಡುಕ ನಿಂತಿತು.

ಉಸ್ತಾದರು ನೋಡಿ ತಲೆದೂಗಿದರು. ನಿಂತಾಗ ಹಾಕುವ ಜಾಕೆಟ್ ಹೀಗೇ ಇರಬೇಕು, ಎಲ್ಲದರ ಮೇಲೆ ಕೂಡುವಂತೆ ದೊಡ್ಡದು ಅಂದರು. ನನಗೆ ಸಿಟ್ಟು ಬಂತು. ನಿನ್ನೆ ಇದನ್ನೇ ಬೇಡ ಅಂದಿರಿ, ಇವತ್ತು ಇದೇ ಸರಿ ಅನ್ನುತ್ತೀರಿ, ನಾನು ಊರಿಗೆ ಹೋಗಿ ಯಾವುದನ್ನು ಕೊಳ್ಳಿ ಅಂತ ಹೇಳಲಿ ಅಂತ ಕೇಳಿದೆ. ಹತ್ತುವಾಗ ಒಂದು, ನಿಂತಾಗ ಒಂದು, ಎರಡೂ ಬೇಕು ಅಂತ ಅವರು ಬಹಳ ಸಹಜವಾಗಿ ಹೇಳಿ ಚಹಾಕ್ಕೆ ಹೋದರು. ಎಕಂಬಾದ ವೀರಶೆಟ್ಟಿಯವರಿಗೆ ಎರಡು ಜಾಕೆಟ್ ಕೊಳ್ಳಿ ಅಂತ ಹೇಳುವ ಧೈರ್ಯ ಅವರಿಗಿದ್ದರೆ ಅವರೇ ಬಂದು ಹೇಳಲಿ ಅಂದುಕೊಂಡೆ.

ವೀರಶೆಟ್ಟಿಯವರು ಬೀದರ್ ಸ್ಟೇಷನ್ನಿಗೆ ಬಂದಿದ್ದರು. ಮಗಳ ಮೈಮೇಲೆ ಅದೇ ದೊಡ್ಡ ಜಾಕೆಟ್. ನನ್ನ ಕಡೆ ನೋಡಿ, ನಾನು ಹೇಳಿರಲಿಲ್ಲವೇ ಅನ್ನುವ ನಗೆ ನಕ್ಕರು. ಅವರಿಗೆ ಪರ್ವತದ ವಿಷಯ ನನಗಿಂತ ಕಡಿಮೆ ಗೊತ್ತು. ಅವರು ದೊಡ್ಡದು ಕೊಂಡದ್ದು ಬರೀ ರೂಢಿಯಿಂದ. ಆ ರೂಢಿಯೇ ಮಗಳಿಗೆ ಶಿಖರ ತಪ್ಪಿಸುವುದರಲ್ಲಿತ್ತು, ಅದೇ ರೂಢಿ ಸಂಜೆ ಅವಳನ್ನು ಬೆಚ್ಚಗಿಟ್ಟಿತು. ಅವರದು ತಪ್ಪೋ ಸರಿಯೋ ನನಗೆ ಈವತ್ತಿಗೂ ಬಗೆಹರಿದಿಲ್ಲ. ಮಗಳು ಪೂರಾ ಮುಗಿಸಿ ಬಂದಿದ್ದಳು, ಅವರು ಮಾತಿಗೆ ತಪ್ಪಲಿಲ್ಲ. ಮುಂದಿನ ತರಬೇತಿಗೆಲ್ಲ ತಾವೇ ರೈಲು ಹತ್ತಿಸಿದರು.

ಅಲ್ಲಿಂದ ಮುಂದೆ ನನಗೊಂದು ವಿಚಿತ್ರ ಗಂಟುಬಿತ್ತು. ಪ್ರತಿ ವರ್ಷ ತಪಾಸಣೆಯ ದಿನ ಒಬ್ಬಳಲ್ಲ ಒಬ್ಬಳ ಜಾಕೆಟ್ ಕೈಕೊಡುತ್ತಿತ್ತು. ಒಬ್ಬಳದು ಜಿಪ್ಪು ಹರಿಯಿತು. ಒಬ್ಬಳು ಒಲೆಯ ಹತ್ತಿರ ಒಣಹಾಕಿ ಸುಟ್ಟುಕೊಂಡಳು. ಒಬ್ಬಳ ತಾಯಿ ಸೋಡಾ ಹಾಕಿ ತಿಕ್ಕಿ ತೊಳೆದು, ನೀರು ತಡೆಯುವ ಗುಣವನ್ನೇ ತೊಳೆದುಬಿಟ್ಟಿದ್ದರು. ನಾನು ಪ್ರತಿ ಸಲ ನನ್ನದನ್ನು ಬಿಚ್ಚಿಕೊಟ್ಟು ಅಡುಗೆ ಡೇರೆಗೆ ಹೋದೆ. ಹೀಗೆ ಹುಡುಗಿಯರ ತಂಡದ ಮೇಲೆ ತಂಡ ಶಿಖರ ಮುಟ್ಟಿ ಬಂತು. ನಾನು, ಭಾಲ್ಕಿಯ ವರ್ಷಗಳಲ್ಲಾಗಲಿ ಬೀದರಿನ ವರ್ಷಗಳಲ್ಲಾಗಲಿ, ತಪಾಸಣೆಯ ಆ ಕಲ್ಲಿನ ಕಟ್ಟೆಯನ್ನು ಒಮ್ಮೆಯೂ ದಾಟಲಿಲ್ಲ.

ನಿವೃತ್ತಿಯ ಸನ್ಮಾನದ ದಿನ ಶಾಲು ಹೊದಿಸಿ, ಹಿಮಾಲಯದ ಶಿಖರಗಳನ್ನು ಏರಿದ ನಮ್ಮ ಹೆಮ್ಮೆಯ ಮೇಡಂ ಅಂತ ಭಾಷಣ ಮಾಡಿದರು. ಅಲ್ಲ ಅಂತ ಎದ್ದು ಹೇಳಲೇ, ಸುಮ್ಮನಿರಲೇ ತಿಳಿಯದೆ ಹಾರದ ಹೂವು ಕೀಳುತ್ತ ಕೂತೆ. ಮುಂದಿನ ಸಾಲಿನಲ್ಲಿ ರೇಣುಕಾ ಕೂತಿದ್ದಳು. ಅವಳು ಚಪ್ಪಾಳೆ ಹೊಡೆಯಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಓಣಿಯ ಹೆಣ್ಣುಮಕ್ಕಳು ಮೇಲೆ ಹೇಗಿರುತ್ತದೆ ಅಂತ ಕೇಳಿದರೆ ಹುಡುಗಿಯರು ಹೇಳಿದ್ದನ್ನೇ ಹೇಳುತ್ತಿದ್ದೆ. ಎಲ್ಲ ಕಡೆ ಬೆಳ್ಳಗೆ, ಗಾಳಿಯ ಸಪ್ಪಳ ಬಿಟ್ಟರೆ ಏನೂ ಇಲ್ಲ ಅಂತ.

ಇನ್ನೊಂದು ಸಂಶಯವೂ ಇದೆ, ಬರೆದೇಬಿಡುತ್ತೇನೆ. ಜಾಕೆಟ್ ಕೊಟ್ಟದ್ದು ಹುಡುಗಿಯರ ಮೇಲಿನ ಪ್ರೀತಿಗೋ, ಅಥವಾ ಆ ಎತ್ತರ ನೋಡಿ ನನಗೇ ಹೆದರಿಕೆಯಾಗಿತ್ತೋ? ಎಷ್ಟೋ ವರ್ಷ ಯಾರಾದರೂ ಕೇಳುವ ಮೊದಲೇ ಜಿಪ್ಪಿಗೆ ಕೈ ಹಾಕಿದ್ದೆ. ಪ್ರೀತಿಯಂತೂ ಇತ್ತು, ಅದರಲ್ಲಿ ಸಂಶಯವಿಲ್ಲ. ಹೆದರಿಕೆ ಇರಲಿಲ್ಲ ಅಂತ ಆಣೆ ಮಾಡಲಾರೆ. ಆದರೆ ಹೋಗಬೇಕು ಅಂತ ಆಸೆ ಇತ್ತು. ಈಗಲೂ ಇದೆ. ಬಟಾಟೆ ಸುಲಿಯುವಾಗಲೆಲ್ಲ ನೆನಪಾಗುತ್ತದೆ.

ಈಗ ಖರೀದಿಯ ರೀತಿಯೇ ಬೇರೆ. ಫೋನಿನಲ್ಲಿ ನೋಡಿ ತರಿಸುತ್ತಾರೆ. ರೇಣುಕಾಳಿಗೆ ಉತ್ತರ ಹೇಳಬೇಕಲ್ಲ ಅಂತ ನಾನೂ ನೋಡಿದೆ. ಒಬ್ಬ ಇದರಷ್ಟು ಚಲೋದು ಇಲ್ಲ ಅನ್ನುತ್ತಾನೆ, ಕೆಳಗೇ ಇನ್ನೊಬ್ಬ ಇದರಷ್ಟು ಕೆಟ್ಟದ್ದು ಇಲ್ಲ ಅನ್ನುತ್ತಾನೆ. ಬೆವರು ಬಿಡುವುದು ಮಳೆ ತಡೆಯುವುದಿಲ್ಲ, ಮಳೆ ತಡೆಯುವುದು ಬೆವರು ಬಿಡುವುದಿಲ್ಲ, ಹಗುರಾದದ್ದು ಕಲ್ಲಿಗೆ ತಾಗಿ ಹರಿಯುತ್ತದೆ, ಹರಿಯದ್ದು ಭಾರ. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಕೊನೆಗೆ ಹೊಸ ಮಕ್ಕಳಿಗೆ ನಾನು ಹೇಳಬಹುದಾದದ್ದು ಇಷ್ಟೇ: ಊದಿ ನೋಡಿ, ನೀರು ಚಿಮುಕಿಸಿ ನೋಡಿ, ಕೈ ಎತ್ತಿ ನೋಡಿ, ಬೆನ್ನ ಮೇಲೆ ಹೆಸರು ಹೊಲಿಸಬೇಡಿ, ಸೋಡಾದಲ್ಲಿ ತೊಳೆಯಬೇಡಿ. ಸೈಜಿನ ವಿಷಯ ನನ್ನನ್ನು ಕೇಳಬೇಡಿ.

ಇಲ್ಲಿಗೆ ಬರೆದು ಇಟ್ಟಿದ್ದೆ. ನಿನ್ನೆ ಮುಂಜಾನೆ ರೇಣುಕಾ ಔರಾದಿನ ಬಸ್ಸಿಗೆ ಬಂದಳು. ಕೈಯಲ್ಲೊಂದು ಚೀಲ. ಈ ವರ್ಷ ತನ್ನ ಕಾಲೇಜಿನ ಹುಡುಗಿಯರನ್ನು ಕರೆದುಕೊಂಡು ಹೊರಟಿದ್ದಾಳೆ. ನಾನು ತಪ್ಪಿತಸ್ಥಳ ಹಾಗೆ, ನಿನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲವ್ವ ಅಂದೆ. ನಡೆಯುವುದಕ್ಕೆ ಒಂದು, ನಿಲ್ಲುವುದಕ್ಕೆ ಒಂದು, ಎಷ್ಟು ವಿಚಾರ ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ ಅಂದೆ.

ಅವಳು ಚೀಲದಿಂದ ಒಂದು ಜಾಕೆಟ್ ತೆಗೆದಳು. ನೀಲಿ ಬಣ್ಣ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ.

"ಹುಡುಗ್ಯಾರಿಗೆಲ್ಲಾ ಆಗಲೇ ತಂದೇನ್ರಿ. ನಾ ಕೇಳಿದ್ದು ನಿಮಗ ಹ್ಯಾಂಗಿರೋದು ಬೇಕಂತ. ನಮ್ಮ ಜೋಡಿ ನೀವೂ ಬರ್ಬೇಕ್ರಿ."

ಈ ವಯಸ್ಸು, ಈ ಮೊಣಕಾಲು ಅಂತೇನೋ ಅಂದೆ. ನಡಿಗೆಯ ದಾರಿಯಿಂದ ಕರೆದೊಯ್ಯುತ್ತೇನೆ, ಕಲ್ಲು ಹತ್ತಿಸುವುದಿಲ್ಲ, ಆದರೆ ಆ ಕಟ್ಟೆ ಮಾತ್ರ ದಾಟಿಸಿಯೇ ಸಿದ್ಧ ಅಂದಳು. ಯಾರದ್ದಾದರೂ ಜಾಕೆಟ್ ಹರಿದರೆ ಕೊಡಲು ಬೇರೆ ಒಂದು ಇಟ್ಟುಕೊಂಡಿದ್ದಾಳಂತೆ. ನನ್ನ ಹಿಂದೆ ನಿಂತು ತೋಳು ತೂರಿಸಿ, ಮುಂದೆ ಬಂದು ಜಿಪ್ಪು ಏರಿಸಿದಳು, ಆವತ್ತು ನಾನು ಅವಳಿಗೆ ಏರಿಸಿದ ಹಾಗೆಯೇ. ತೋಳು ನನ್ನ ಬೆರಳು ದಾಟಿ ಕೆಳಗೆ ಬಂತು. ಅಂಚು ತೊಡೆಗಿಳಿಯಿತು. ನನ್ನೊಳಗಿನ ಹಳೆಯ ಪಿ.ಟಿ. ಟೀಚರು ಎದ್ದು ಕೂತಳು.

"ಏ ರೇಣುಕಾ, ಒಂದು ಸೈಜು ದೊಡ್ಡದಾತಲ್ಲ. ತಪಾಸಣ್ಯಾಗ ಪಾಸ್ ಮಾಡಂಗಿಲ್ಲ."

"ಈ ಸಲ ತಪಾಸಣಿ ಮಾಡಾಕಿ ನಾನೇ ಇದ್ದೇನ್ರಿ," ಅಂದಳು. ಆಮೇಲೆ ನನ್ನ ಸುತ್ತ ಒಂದು ಸುತ್ತು ಬಂದು, ಅವರಪ್ಪನ ಹಾಗೆಯೇ ತಲೆ ಅಲ್ಲಾಡಿಸಿ, "ಬೆಳೀತೀರಿ ಬಿಡ್ರಿ, ಮೇಡಂ," ಅಂದಳು.

ಪಡಸಾಲೆಯ ನಡುವೆ ನಿಂತು ಎರಡೂ ಕೈ ಪೂರ್ತಿ ಮೇಲೆತ್ತಿದೆ. ಅಂಚು ಮೇಲೇರಲಿಲ್ಲ. ಕೈ ಇಳಿಸದೆಯೇ, ಯಾವತ್ತು ಹೊರಡುವುದು ಅಂತ ಕೇಳಿದೆ.